ಅಕ್ಕ ಸೀಸ ಬಿಟ್ಟ ದಿನ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ವಿಮಾನದ ಕತೆ ಹೇಳುವವರಿಗೆ ವಿಮಾನ ಓಡಿಸಲು ಬರಬೇಕು. ಎಂಜಿನ್ನಿನ ಕತೆ ಹೇಳುವವರು ಅದನ್ನು ಕ್ರಮವಾಗಿ ಓದಿರಬೇಕು. ನನಗೆ ಮೊದಲನೆಯದು ಬಾರದು. ಎರಡನೆಯದನ್ನು ಹಗಲಿನ ಕೆಲಸ ಮುಗಿಸಿ ಸಂಜೆ ತರಗತಿಯಲ್ಲಿ, ಒಂದು ಕಿವಿ ಪಾಠಕ್ಕೂ ಇನ್ನೊಂದು ಕಿವಿ ಕೊನೆಯ ಬಸ್ಸಿಗೂ ಕೊಟ್ಟು ಕಲಿತವಳು. ಮುಂದೆ ಹೇಳುವುದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ, ಆದರೆ ನಡುವೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ ಎಂಬುದನ್ನೂ ಹೇಳಬೇಕು. ತಪ್ಪಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು.

ನಮ್ಮ ಮನೆಯವರದೊಂದು ವಿಮಾನವಿದೆ. ಹೀಗೆಂದರೆ ಜನ ನಮ್ಮನ್ನು ಶ್ರೀಮಂತರೆಂದು ತಿಳಿಯುತ್ತಾರೆ, ಅದಕ್ಕೇ ನಾನು ಎಲ್ಲೂ ಹೇಳುವುದಿಲ್ಲ. ಎರಡೇ ಸೀಟು, ಬಟ್ಟೆ ಹೊದಿಸಿದ ರೆಕ್ಕೆ, ಮುಂದೆ ಒಂದು ಮರದ ಪ್ರೊಪೆಲ್ಲರ್. ನನ್ನ ಅತ್ತೆಗಿಂತ ವಯಸ್ಸಿನಲ್ಲಿ ದೊಡ್ಡದಾದ್ದರಿಂದ ಅತ್ತೆ ಅದನ್ನು 'ಅಕ್ಕ' ಎಂದು ಕರೆಯುತ್ತಾರೆ. ಓಡಿಸುವುದು ಅತ್ತೆ. ಎಂಜಿನ್ ನೋಡಿಕೊಳ್ಳುವುದು ನಾನು. ನನ್ನ ಗಂಡ ಸೋಫಾಗಳಿಗೆ ಹೊದಿಕೆ ಹೊಲಿಯುವವನು, ಹಾಗಾಗಿ ರೆಕ್ಕೆಯ ಬಟ್ಟೆ ಅವನದು. ಈ ಹಂಚಿಕೆ ಆಸ್ತಿ ಹಂಚಿಕೆಗಿಂತ ಗಟ್ಟಿ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಒಮ್ಮೆ ನಾನು ಅತ್ತೆಯ ಸೀಟಿನ ದಿಂಬನ್ನು ಒಂದಿಷ್ಟು ಸರಿಸಿದ್ದಕ್ಕೆ ನಮ್ಮ ಮನೆಯಲ್ಲಿ ತಟ್ಟೆಗಳು ಮಾತಾಡಿದವೇ ಹೊರತು ಮನುಷ್ಯರು ಮಾತಾಡಲಿಲ್ಲ.

ನಮ್ಮ ಹಾರುಮೈದಾನದ ಮ್ಯಾನೇಜರನ್ನು ಎಲ್ಲರೂ 'ಗಾಳಿಚೀಲ' ಅನ್ನುತ್ತಾರೆ. ರನ್‌ವೇ ಪಕ್ಕದ ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸಲು ತೂಗುವ ಬಟ್ಟೆಯ ಚೀಲ ಇರುತ್ತದಲ್ಲ, ಅದೇ. ಗಾಳಿ ಬಂದತ್ತ ತಿರುಗುವ ಮನುಷ್ಯ, ಆದರೆ ಕೆಟ್ಟವರಲ್ಲ. ಒಂದು ಬೆಳಿಗ್ಗೆ ಅವರು ಮೈದಾನದಲ್ಲಿ ಅಕ್ಕ ನಿಲ್ಲುವ ಶೆಡ್ಡಿನ ಬಾಗಿಲಲ್ಲಿ ನಿಂತು ಕೆಮ್ಮಿದರು.

"ನೀಲಿ ಪೆಟ್ರೋಲ್ ಈ ತಿಂಗಳಿಗೆ ಕೊನೆ. ಸೀಸ ಬೆರೆಸಿದ್ದು ಇನ್ಮೇಲೆ ಬರಲ್ಲ. ಒಳ್ಳೇದೇ ಬಿಡಿ, ಆ ಹೊಗೆ ವಿಷ."

"ಮತ್ತೆ ಅಕ್ಕ ಏನು ಕುಡೀಬೇಕು?" ಅಂದರು ಅತ್ತೆ.

"ಸೀಸ ಇಲ್ಲದ್ದು ಬರುತ್ತೆ. ಗಿಡದಿಂದ ತೆಗೆದ ಆಲ್ಕೋಹಾಲ್ ಸ್ವಲ್ಪ ಸೇರಿಸಿರ್ತಾರೆ. ಅದೂ ಎಷ್ಟು ದಿನವೋ. ಮುಂದೆಲ್ಲ ಬ್ಯಾಟರಿ. ಅದಾದ ಮೇಲೆ ಹೈಡ್ರೋಜನ್ ಅಂತಾರೆ."

"ಅದಾದ ಮೇಲೆ?"

"ಅದಾದ ಮೇಲೆ ನಾನು ರಿಟೈರ್."

ಅವರು ಅಷ್ಟಕ್ಕೇ ಹೋಗಲಿಲ್ಲ. ಮೈದಾನಕ್ಕೆ ಬ್ಯಾಟರಿ ವಿಮಾನವೊಂದು ಬರುತ್ತಿತ್ತು. ಶೆಡ್ಡಿನಲ್ಲಿ ಇದ್ದದ್ದು ಅಕ್ಕ ನಿಂತಿದ್ದ ಜಾಗವೊಂದೇ. ಹೊಸ ಇಂಧನ ಹಾಕಿ ನದಿಯ ಸೇತುವೆಯವರೆಗೆ ಹೋಗಿ, ಎಲ್ಲೂ ನಿಲ್ಲದೆ ವಾಪಸು ಬಂದರೆ ಅಕ್ಕ ಉಳಿಯಬಹುದು. ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು. ರೆಕ್ಕೆ ಬಿಚ್ಚಿ ಒರಗಿಸಿಡಲು ನಮ್ಮ ಮನೆಯಲ್ಲಿ ಅಷ್ಟುದ್ದದ ಗೋಡೆಯಿಲ್ಲ. ಕೊಳ್ಳಲು ತಯಾರಿದ್ದವರು ಒಬ್ಬರೇ, ನನ್ನ ಗಂಡ ಹೊದಿಕೆ ಹೊಲಿದುಕೊಡುವ ಸೋಫಾ ಅಂಗಡಿಯ ಯಜಮಾನರು. ಅಕ್ಕನನ್ನು ಅಂಗಡಿಯ ಚಾವಣಿಗೆ ನೇತುಹಾಕಿ ಕೆಳಗೆ ಸೋಫಾ ಜೋಡಿಸುವ ಆಸೆ ಅವರಿಗೆ.

"ಹಾಗಾದ್ರೆ ಪಕ್ಕದಲ್ಲಿ ಇನ್ನೊಂದು ಕೊಕ್ಕೆ ಹಾಕಕ್ಕೆ ಹೇಳು," ಎಂದು ಅತ್ತೆ ಮಗನಿಗೆ ಹೇಳಿದರು. "ನನ್ನನ್ನೂ ನೇತುಹಾಕಲಿ. ಹೊದಿಕೆ ನೀನೇ ಹೊಲಿ."

ನಕ್ಕುಕೊಂಡೇ ಹೇಳಿದರು. ಆದರೆ ಆ ದಿನ ಶೆಡ್ಡಿನಿಂದ ಹೊರಡುವಾಗ ಅಕ್ಕನ ಮೂಗಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದರು.

ನನ್ನ ಕೆಲಸ ಶುರುವಾಯಿತು. ಆಲ್ಕೋಹಾಲ್ ಇರುವ ಇಂಧನಕ್ಕೆ ಹಳೆಯ ರಬ್ಬರು ಉಬ್ಬುತ್ತದೆ, ಅಂಟು ಬಿಡುತ್ತದೆ ಎಂದು ತರಗತಿಯಲ್ಲಿ ಕೇಳಿದ್ದೆ. ಕೇಳಿದ್ದನ್ನು ನಂಬುವ ಧೈರ್ಯ ನನಗಿಲ್ಲ, ನಂಬದಿರುವ ಧೈರ್ಯ ಮೊದಲೇ ಇಲ್ಲ. ಅದಕ್ಕೆ ಎಂಜಿನ್ನಿನ ಒಂದೊಂದು ಕೊಳವೆ, ಒಂದೊಂದು ಬಿರಡೆಯ ಚೂರನ್ನೂ ಜಾಮಿನ ಬಾಟಲಿಗಳಲ್ಲಿ ಹೊಸ ಇಂಧನದೊಳಗೆ ನೆನೆಹಾಕಿ ಹಿತ್ತಿಲ ಹಲಗೆಯ ಮೇಲೆ, ಒಲೆಯಿಂದ ದೂರ, ಸಾಲಾಗಿ ಇಟ್ಟೆ. ಇಂಧನದ ಬಣ್ಣ ಥೇಟ್ ಚಹಾ. ನನ್ನ ಗಂಡ ಪ್ರತಿ ಸಂಜೆ ಅದರ ಮುಂದೆ ನಿಂತು, "ಇವತ್ತು ಯಾವುದಕ್ಕೆ ಹಾಲು ಹಾಕಲಿ," ಎಂದು ಕೇಳುತ್ತಿದ್ದ. ಉಬ್ಬಿದ ಚೂರುಗಳನ್ನೆಲ್ಲ ಬದಲಿಸಿದೆ. ಬದಲಿಸಿದ್ದನ್ನು ಮತ್ತೆ ಬಿಚ್ಚಿ ನೋಡಿದೆ. ಬಿಗಿದ ಬೋಲ್ಟನ್ನು ಬಿಗಿದೆನೋ ಇಲ್ಲವೋ ಎಂದು ಊಟದ ನಡುವೆ ಎದ್ದು ಸೈಕಲ್ ತುಳಿದದ್ದೂ ಉಂಟು.

ಹೆದರಿಕೆಗೆ ಇನ್ನೊಂದು ಕಾರಣವಿತ್ತು. ನಮ್ಮ ಮೈದಾನದ ಕಟ್ಟಳೆ ಒಂದೇ: ಎಂಜಿನ್ ಸರಿಯಿದೆ ಎಂದವರು ಮೊದಲ ಹಾರಾಟದಲ್ಲಿ ತಾವೇ ಕೂರಬೇಕು. ಆಮೇಲೆ ಯಾರೂ ಬಾಯಿಗೆ ಬಂದಂತೆ 'ಸರಿಯಿದೆ' ಅನ್ನುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಇರುವವರೆಗೆ ಆ ಮಾತು ಅವರದಾಗಿತ್ತು, ಸೀಟೂ ಅವರದೇ. ಅವರು ನಿವೃತ್ತರಾಗಿ ಮಗಳ ಊರು ಸೇರಿದ್ದರು. ನಾನೋ, ಏಣಿಯ ಮೇಲೆ ನಿಂತು ಬಲ್ಬ್ ಬದಲಿಸಲು ಗಂಡನ ಭುಜ ಹಿಡಿದುಕೊಳ್ಳುವವಳು.

"ಸರಿ ಇದೆಯಾ?" ಎಂದು ಅತ್ತೆ ಆ ಬೆಳಿಗ್ಗೆ ಕೇಳಿದರು.

"ಇರಬಹುದು."

"ಇರಬಹುದು ಅಂದ್ರೆ ಹಾರಲ್ಲ ಅದು. ಇದೆಯಾ?"

"ಇದೆ," ಅಂದೆ. ಅಂದವಳೇ ಇನ್ನೊಮ್ಮೆ ಬೋಲ್ಟು ಮುಟ್ಟಿ ನೋಡಲು ಹೋದೆ.

ಅಕ್ಕನಲ್ಲಿ ಓಡಿಸುವವರು ಹಿಂದೆ ಕೂರುತ್ತಾರೆ, ಜೊತೆಗಾರರು ಮುಂದೆ. ಮುಂದೆ ಕೂತವರ ಕಣ್ಣೆದುರಿಗೇ, ಗಾಜಿನಾಚೆ, ಇಂಧನದ ಟ್ಯಾಂಕು. ಅದರ ಮುಚ್ಚಳದ ತೂತಿನಿಂದ ಒಂದು ತಂತಿಕಡ್ಡಿ ನೆಟ್ಟಗೆ ಮೇಲೆದ್ದಿರುತ್ತದೆ. ಕಡ್ಡಿಯ ಕೆಳತುದಿಗೆ ಮೆರುಗೆಣ್ಣೆ ಬಳಿದ ಬೆಂಡಿನ ತುಂಡೊಂದು ಕಟ್ಟಿದ್ದು, ಅದು ಟ್ಯಾಂಕಿನೊಳಗೆ ತೇಲುತ್ತದೆ. ಇಂಧನ ಇಳಿದಂತೆ ಬೆಂಡು ಇಳಿಯುತ್ತದೆ, ಕಡ್ಡಿಯೂ ಇಳಿಯುತ್ತದೆ. ಕಡ್ಡಿ ಮುಚ್ಚಳಕ್ಕೆ ತಾಗಿದರೆ ಟ್ಯಾಂಕು ಖಾಲಿ. ಇಷ್ಟೇ ಲೆಕ್ಕ. "ನಿಮ್ಮ ಮಾವನ್ನ ನಂಬಿದ್ದಕ್ಕಿಂತ ಜಾಸ್ತಿ ಈ ಕಡ್ಡಿ ನಂಬಿದ್ದೀನಿ," ಎಂದು ಅತ್ತೆ ಹೇಳುತ್ತಿರುತ್ತಾರೆ. "ಇದು ಒಂದು ಸಲವೂ ಬರ್ತೀನಿ ಅಂತ ಹೇಳಿ ತಡವಾಗಿ ಬಂದಿಲ್ಲ."

ನಮ್ಮ ಮೇಲೆ ಕಣ್ಣಿಡಲು ಗಾಳಿಚೀಲ ಬ್ಯಾಟರಿ ವಿಮಾನದಲ್ಲಿ ಹಿಂದೆಯೇ ಬರುವುದೆಂದಾಯಿತು. ಅದನ್ನು ಓಡಿಸುವವನು ಆ ವಿಮಾನ ಮಾರುವ ಕಂಪನಿಯ ಹುಡುಗುಮುಖದ ಮನುಷ್ಯ. ಎಲ್ಲಿಗೆ ಹೋದರೂ ಮೊದಲು ಪ್ಲಗ್ ಎಲ್ಲಿದೆ ಎಂದು ಕೇಳುವುದರಿಂದ ಬಂದ ಎರಡೇ ದಿನಕ್ಕೆ ಅವನಿಗೆ 'ಚಾರ್ಜರ್' ಎಂದು ಹೆಸರು ಬಿದ್ದಿತ್ತು.

ನನ್ನ ಗಂಡ ಪ್ರೊಪೆಲ್ಲರ್ ತಿರುಗಿಸಿದ. ಅಕ್ಕ ಒಂದೇ ಏಟಿಗೆ ಎದ್ದಳು. ಹಳೆಯ ಪೆಟ್ರೋಲಿನಲ್ಲಿ ಬೆಳಿಗ್ಗೆ ಗಂಟಲು ಕೆರೆದು, ಸೀನಿ, ಆಮೇಲೆ ಮಾತಿಗೆ ಬರುವವಳು. ಆ ದಿನ ನೇರ ಹಾಡಿಗೇ ಶುರುಮಾಡಿದಳು. ನಾನು ಕಣ್ಣು ಮುಚ್ಚಿದೆ. ಚಕ್ರ ಕುಲುಕಿತು, ಕುಲುಕಿತು, ಕುಲುಕುವುದು ನಿಂತಿತು. ಎಂಜಿನ್ ನಿಂತಿತೇನೋ ಎಂದು ಗಾಬರಿಯಿಂದ ಕಣ್ಣು ಬಿಟ್ಟರೆ ನಿಂತದ್ದು ನೆಲ. ನನ್ನ ಹೊಟ್ಟೆ ಒಂದು ಗಳಿಗೆ ಕೆಳಗೇ ಉಳಿದು, ಆಮೇಲೆ ಬಸ್ಸು ಹಿಡಿಯುವವರಂತೆ ಓಡಿಬಂದು ನನ್ನನ್ನು ಸೇರಿಕೊಂಡಿತು.

ಏನಾಯಿತೋ ಹೇಗೆ ಹೇಳಲಿ. ಭಯವೆಲ್ಲ ಎಲ್ಲೋ ಒಂದು ಬಿರಡೆ ಸಡಿಲಿಸಿ ಸೋರಿಹೋಯಿತು. ಅಷ್ಟು ವರ್ಷ ನಾನು ದೊಡ್ಡದೆಂದು ತಿಳಿದಿದ್ದ ಗೋದಾಮು ಬೆಂಕಿಪೊಟ್ಟಣವಾಯಿತು. ಮನೆಮನೆಯ ತಾರಸಿಯ ಮೇಲೆ ಒಗೆದು ಹರವಿದ ಬಟ್ಟೆಗಳು ನನಗೇ ಕೈ ಬೀಸಿದಂತೆ ಕಂಡವು. ನಾನು ನಗಲು ಶುರುಮಾಡಿದೆ. ಕಾರಣವಿಲ್ಲ, ತಡೆಯೂ ಇಲ್ಲ.

"ಅಳ್ತಿದ್ದೀಯಾ?" ಎಂದು ಹಿಂದಿನಿಂದ ಅತ್ತೆ ಕೂಗಿದರು.

"ನಗು ಬರ್ತಿದೆ ಅತ್ತೆ."

"ಅದು ಇನ್ನೂ ಕೆಟ್ಟದ್ದು. ಗಟ್ಟಿಯಾಗಿ ಹಿಡ್ಕೋ."

ಬಿಳಿಯ ಬ್ಯಾಟರಿ ವಿಮಾನ ಹಾಲಿನ ವಾಸನೆ ಹಿಡಿದ ಬೆಕ್ಕಿನಂತೆ ಸದ್ದಿಲ್ಲದೆ ಪಕ್ಕದಲ್ಲೇ ಬರುತ್ತಿತ್ತು. ಕಿಟಕಿಯಲ್ಲಿ ಗಾಳಿಚೀಲದ ಮುಖ. ನಾನು ಅವರಿಗೂ ಕೈ ಬೀಸಿದೆ. ಸೇತುವೆ ಬಂತು, ಸೇತುವೆಯ ಮೇಲಿನ ಲಾರಿಗಳು ಇರುವೆಗಳಂತೆ ಸಾಲು ಹಿಡಿದಿದ್ದವು. ಅತ್ತೆ ರೆಕ್ಕೆ ವಾಲಿಸಿ ತಿರುಗಿಸಿದಾಗ ನದಿ ನನ್ನ ಕಿವಿಯ ಪಕ್ಕಕ್ಕೆ ಬಂದು ನಿಂತಿತು. ಆಗ ಕಡ್ಡಿ ನೋಡಿದೆ. ಹೊರಡುವಾಗ ನನ್ನ ಹಣೆಯ ಎತ್ತರಕ್ಕಿದ್ದದ್ದು ಗಲ್ಲಕ್ಕೆ ಇಳಿದಿತ್ತು.

"ಅತ್ತೆ, ಕಡ್ಡಿ ಇಳೀತಿದೆ."

"ಇಳೀದೆ ಮೇಲಕ್ಕೆ ಹೋಗುತ್ತಾ?"

"ಬೇಗ ಇಳೀತಿದೆ."

ಹಿಂದೆ ತಿರುಗಿ ನೋಡಿದೆ. ಅವರೂ ಕತ್ತು ಚಾಚಿ ನೋಡುತ್ತಿದ್ದರು. "ಏನ್ ಕುಡೀತಾಳೆ ಇವಳು," ಎಂದರು ಕೊನೆಗೆ. "ಮದುವೆಮನೆಗೆ ಬಂದವರ ಹಾಗೆ."

ನಾವು ನೋಡುನೋಡುತ್ತಿದ್ದಂತೆ ಕಡ್ಡಿ ಇನ್ನೂ ತಗ್ಗಿತು. ಇಷ್ಟು ಚಿಕ್ಕ ಎಂಜಿನ್ ಇಷ್ಟು ಬೇಗ ಇಷ್ಟೊಂದು ಕುಡಿಯುವುದು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಬಿಟ್ಟು ಬೇರೆಯದನ್ನೆಲ್ಲ ನಂಬಿದೆ: ಎಲ್ಲೋ ಸೋರುತ್ತಿದೆ, ನಾನೇ ಏನೋ ಬಿಗಿಯುವುದು ಮರೆತಿದ್ದೇನೆ. ಮೂಗು ಹೊರಹಾಕಿ ವಾಸನೆ ನೋಡಿದೆ, ಗಾಳಿಯ ವಾಸನೆ. ಎಂಜಿನ್ ಮಾತ್ರ ಜಗತ್ತಿನ ಚಿಂತೆಯೇ ಇಲ್ಲದವರಂತೆ ಹಾಡುತ್ತಲೇ ಇತ್ತು.

ಕಡ್ಡಿ ಮುಚ್ಚಳಕ್ಕೆ ತಾಗಿತು.

"ಎಂಜಿನ್ ಇರೋವಾಗಲೇ ಇಳಿಸ್ತೀನಿ," ಅಂದರು ಅತ್ತೆ. ದನಿ ತೀರ ಶಾಂತ. "ಇಲ್ದಿದ್ರೆ ಯಾರದೋ ಅಡುಗೆಮನೆಗೆ ಇಳೀತೀವಿ. ಬಲಕ್ಕೆ ನೋಡು, ಸ್ಕೂಲ್ ಮೈದಾನ. ಖಾಲಿ ಇದೆಯಾ?"

ರಜೆಯ ದಿನ. ಮೈದಾನದಲ್ಲಿ ಒಬ್ಬನೇ ಮನುಷ್ಯ, ಅದೂ ಒಂದು ಮೂಲೆಯಲ್ಲಿ. "ಖಾಲಿ," ಎಂದು ಕೂಗಿದೆ.

ಅತ್ತೆ ಅಕ್ಕನನ್ನು ಮಲಗಿದ ಮಗುವನ್ನು ಹಾಸಿಗೆಗೆ ಹಾಕುವ ಹಾಗೆ ಇಳಿಸಿದರು. ಮೂಲೆಯ ಮನುಷ್ಯ ಸುಣ್ಣದ ಡಬ್ಬಿ ಹಿಡಿದು ನಮ್ಮ ಕಡೆ ನಡೆದು ಬಂದರು. ಕತ್ತಿನಲ್ಲಿ ಸೀಟಿ, ವ್ಯಾಯಾಮದ ಮೇಷ್ಟ್ರು.

"ನನ್ನ ಗೆರೆ," ಅಂದರು. "ನಾಳೆ ಓಟದ ಸ್ಪರ್ಧೆ. ಬೆಳಿಗ್ಗೆಯಿಂದ ಎಳೀತಿದ್ದೀನಿ."

"ಕ್ಷಮಿಸಿ ಸಾರ್, ಪೆಟ್ರೋಲ್ ಖಾಲಿ," ಅಂದೆ.

ಅವರು ಸುತ್ತುತ್ತಿದ್ದ ಪ್ರೊಪೆಲ್ಲರನ್ನು ನೋಡಿದರು. "ಮತ್ತೆ ಇದು ಯಾಕೆ ತಿರುಗ್ತಿದೆ?"

"ಈಗ ನಿಲ್ಲುತ್ತೆ," ಅಂದರು ಅತ್ತೆ. ಖಾಲಿ ಎಂಜಿನ್ ತಾನಾಗಿ ನಿಲ್ಲುವುದನ್ನು ನೋಡಬೇಕೆಂಬ ಹಟ ಅವರಿಗೆ.

ನಾವು ಕಾದೆವು. ಮೇಷ್ಟ್ರೂ ಕಾದರು. ಅಕ್ಕ ಗುರುಗುಟ್ಟುತ್ತಲೇ ಇದ್ದಳು.

"ಈಗ ಅಂದ್ರೆ?" ಎಂದು ಮೇಷ್ಟ್ರು ಕೇಳಿದರು.

"ಇನ್ನೇನು."

"ಅಷ್ಟರಲ್ಲಿ ನಾನು ಆ ಕಡೆ ಗೆರೆ ಮುಗಿಸ್ಲಾ?"

ಕೊನೆಗೆ ಅತ್ತೆಯೇ ಬೇಸತ್ತು ಸ್ವಿಚ್ ಆರಿಸಿದರು. ನಾನು ಇಳಿದು ಚಕ್ರದ ಮೇಲೆ ಕಾಲಿಟ್ಟು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಒಳಗೆ ಚಹಾ ಬಣ್ಣದ ಇಂಧನ ಥಳಥಳ ಹೊಳೆಯುತ್ತಿತ್ತು. ಟ್ಯಾಂಕು ಬಹುಪಾಲು ತುಂಬಿಯೇ ಇತ್ತು. ಕಡ್ಡಿಯನ್ನು ಎಳೆದರೆ ತುದಿಯಲ್ಲಿ ಬೆಂಡು, ಚಹಾದಲ್ಲಿ ಮರೆತ ಬಿಸ್ಕತ್ತಿನ ಹಾಗೆ ಬಂತು. ಮೆರುಗೆಣ್ಣೆ ಇಲ್ಲವೇ ಇಲ್ಲ. ಬೆಂಡು ಇಂಧನ ಹೀರಿ, ಭಾರವಾಗಿ, ತಳ ಸೇರಿತ್ತು.

"ಕುಡಿದದ್ದು ಅಕ್ಕ ಅಲ್ಲ," ಅಂದೆ. "ಇದು."

ಅತ್ತೆ ಬೆಂಡನ್ನು ಹಿಂಡಿ ನೋಡಿದರು. "ಇಷ್ಟೆಲ್ಲ ನೆನೆಹಾಕಿದೆ, ಇದನ್ನ ನೆನೆಹಾಕಲಿಲ್ವಾ?"

"ಕಡ್ಡಿ ನಿಮ್ಮದಲ್ವಾ? ನಾನು ಹೇಗೆ ಮುಟ್ಟಲಿ?"

"ಕಡ್ಡಿ ನನ್ನದು. ಬೆಂಡು ಟ್ಯಾಂಕಿನ ಒಳಗಿರೋದು. ಒಳಗಿರೋದು ನಿಂದು."

"ಮುಚ್ಚಳ ದಿನಾ ತೆಗೆಯೋರು ನೀವು."

"ನಾನು ಪೆಟ್ರೋಲ್ ಹಾಕಕ್ಕೆ ತೆಗೀತೀನಿ, ಬೆಂಡು ನೋಡಕ್ಕಲ್ಲ."

ಹೀಗೆ ಅಕ್ಕನ ಮೈಯಲ್ಲಿ ಯಾರ ಪಾಲಿಗೂ ಬಾರದ ಒಂದೇ ಒಂದು ಚೂರು ಉಳಿದಿತ್ತೆಂದು ನಮಗೆ ತಿಳಿದದ್ದು ಆಗ. ಅತ್ತೆಯ ತುಟಿ ಮೊದಲು ನಡುಗಿತು. ನಾನು ಬೇರೆ ಕಡೆ ನೋಡಿದೆ. ಪ್ರಯೋಜನವಾಗಲಿಲ್ಲ. ನಾವಿಬ್ಬರೂ ರೆಕ್ಕೆ ಹಿಡಿದುಕೊಂಡು, ಆಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು, ಆಮೇಲೆ ಸುಣ್ಣದ ಗೆರೆಯ ಮೇಲೆ ಕೂತು ನಕ್ಕೆವು.

ಆ ಹೊತ್ತಿಗೆ ಬಿಳಿಯ ವಿಮಾನ ನಮ್ಮ ತಲೆಯ ಮೇಲೆ ಸುತ್ತು ಹಾಕಿ ಹಾಕಿ, ಕೊನೆಗೆ ತಾನೂ ಇಳಿಯಿತು, ಉಳಿದ ಗೆರೆಗಳ ಮೇಲೆ. ಮೇಷ್ಟ್ರು ಸುಣ್ಣದ ಡಬ್ಬಿ ಕೆಳಗಿಟ್ಟುಬಿಟ್ಟರು. ಗಾಳಿಚೀಲ ದಾಪುಗಾಲು ಹಾಕಿ ಬಂದರು.

"ಜೀವ ಬಾಯಿಗೆ ಬಂತು ನನಗೆ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಇವನ ಬ್ಯಾಟರಿಯೆಲ್ಲ ನಿಮಗೇ ಸುರಿದ್ವಿ." ಉಸಿರು ತೆಗೆದುಕೊಂಡು ದನಿ ತಗ್ಗಿಸಿದರು. "ಆದ್ರೆ ಅಮ್ಮ, ಎಲ್ಲೂ ನಿಲ್ಲದೆ ಅಂದಿದ್ದೆ. ನಿಂತಿರಿ. ನನಗೂ ಬೇಜಾರೇ."

ಅತ್ತೆಯ ನಗು ನಿಂತಿತು. ಗೆರೆಯ ಮೇಲಿಂದ ಏಳಲು ನನ್ನ ಕೈ ಹಿಡಿದರು. ಅವರು ಅಕ್ಕನ ಕಡೆ ನೋಡಲಿಲ್ಲ. ಅವರ ಕಣ್ಣಿನಲ್ಲಿ ಸೋಫಾ ಅಂಗಡಿಯ ಚಾವಣಿ ನನಗೆ ಕಂಡಿತು.

"ಸಾರ್," ಅಂದೆ. ಮ್ಯಾನೇಜರ್ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಎಂಜಿನ್ನಿಗೆ ಹೊಸ ಇಂಧನ ಆಗಲ್ಲ ಅಂತ ನಿಂತ್ವಾ? ನೋಡಿ."

ಮೇಷ್ಟ್ರ ಬಳಿಯಿದ್ದ, ಎತ್ತರ ಜಿಗಿತ ಅಳೆಯುವ ಕೋಲನ್ನು ತಂದು, ಒರೆಸಿ, ಟ್ಯಾಂಕಿಗೆ ಅದ್ದಿ ತೋರಿಸಿದೆ. ಗಾಳಿಚೀಲ ಕನ್ನಡಕ ಹಾಕಿಕೊಂಡು ಒದ್ದೆ ಎಲ್ಲಿಯವರೆಗಿದೆ ಎಂದು ನೋಡಿದರು. ಬೆಂಡಿನ ಪುಡಿ ಕೊಳವೆಗೆ ಹೋಗಿರಬಹುದೆಂದು ಸೋಸುವ ಬಟ್ಟಲು ಬಿಚ್ಚಿ ತೊಳೆದೆ, ಮತ್ತೊಮ್ಮೆ ಬಿಚ್ಚಿ ಮತ್ತೊಮ್ಮೆ ತೊಳೆದೆ. ಬೆಂಡನ್ನು ಕಿತ್ತು, ಕಡ್ಡಿ ಒಳಗೆ ಬೀಳದಂತೆ ಬಗ್ಗಿಸಿ ಮುಚ್ಚಳ ಹಾಕಿದೆ. ಅತ್ತೆ ಹತ್ತಿದರು, ನಾನು ಪ್ರೊಪೆಲ್ಲರ್ ಎಳೆದೆ. ಅಕ್ಕ ಮತ್ತೆ ಒಂದೇ ಏಟಿಗೆ ಎದ್ದಳು. ಅತ್ತೆ ವೇಗ ಏರಿಸಿ ಇಳಿಸಿದರು. ಗಾಳಿಚೀಲ ಕತ್ತು ವಾಲಿಸಿ ಕೇಳಿದರು. ಒಂದು ಕಾಲದಲ್ಲಿ ಅವರೂ ಎಂಜಿನ್ ಬಿಚ್ಚಿದವರೇ.

"ಚೆನ್ನಾಗಿದೆ," ಅಂದರು, ಒಲ್ಲದ ಮನಸ್ಸಿನಿಂದ.

"ಕೇಳಿಸ್ಲಿಲ್ಲ," ಎಂದು ಅತ್ತೆ ಸೀಟಿನಿಂದ ಕೂಗಿದರು.

"ಸರಿ ಇದೆ ಅಂದೆ."

"ಸರಿ ಇದೆ ಅಂದವರು ಹತ್ತಬೇಕು."

ಗಾಳಿಚೀಲ ಬ್ಯಾಟರಿ ವಿಮಾನದ ಕಡೆ ತಿರುಗಿದರು. ಚಾರ್ಜರ್ ಆಗಲೇ ಸುರುಳಿ ವೈರು ಹೆಗಲಿಗೆ ಹಾಕಿಕೊಂಡು ಮೇಷ್ಟ್ರ ಬಳಿ ಪ್ಲಗ್ ಕೇಳುತ್ತಿದ್ದ. ಬೇರೆ ದಾರಿಯಿರಲಿಲ್ಲ. ಮುಂದಿನ ಸೀಟಿಗೆ ಅವರನ್ನು ಹಿಂದಿನಿಂದ ನೂಕಿ ಹತ್ತಿಸಿದವಳು ನಾನೇ. "ಕಡ್ಡಿ ನೋಡಬೇಡಿ ಅತ್ತೆ, ಗಡಿಯಾರ ನೋಡಿ," ಎಂದು ಹೇಳುತ್ತಿರುವಾಗಲೇ ಅಕ್ಕ ಓಡಿದಳು, ಎದ್ದಳು, ಮರಗಳ ಮೇಲೆ ವಾಲಿ ಮರೆಯಾದಳು. ನಾನು ಕೆಳಗೆ ಉಳಿದೆ. ಬೆಳಿಗ್ಗೆ ಆ ಸೀಟೆಂದರೆ ನಡುಗಿದವಳಿಗೆ ಈಗ ಅದರಲ್ಲಿ ಬೇರೆಯವರು ಕೂತರೆಂದು ಹೊಟ್ಟೆಕಿಚ್ಚಾಯಿತು.

ಶಾಲೆಗೆ ಬೀಗ. ಮೇಷ್ಟ್ರ ಬಳಿ ಇದ್ದದ್ದು ಆಟದ ಸಾಮಾನಿನ ಕೋಣೆಯ ಕೀಲಿ, ಅಲ್ಲಿ ಇದ್ದದ್ದು ಚೆಂಡಿಗೆ ಗಾಳಿ ತುಂಬುವ ಪಂಪಿನ ಒಂದು ಪ್ಲಗ್. ವೈರು ಕಿಟಕಿಯಿಂದ ಹೊರಬಂದು ವಿಮಾನಕ್ಕೆ ಒಂದು ಗೇಣು ಸಾಲದೆ ನಿಂತಿತು. ವಿಮಾನವನ್ನೇ ತಳ್ಳಿದೆವು. ಮೇಷ್ಟ್ರು ಬಾಲದ ಕಡೆ ನಿಂತು ಅಭ್ಯಾಸಬಲದಿಂದ ಸೀಟಿ ಊದಿದರು.

"ಎಷ್ಟು ಹೊತ್ತು ಬೇಕು?" ಎಂದು ಕೇಳಿದೆ.

"ಈ ಪ್ಲಗ್ಗಲ್ಲಿ ಸಂಜೆ ಆಗುತ್ತೆ," ಅಂದ ಚಾರ್ಜರ್. ಸುಣ್ಣ ಮೆತ್ತಿದ ಪ್ಯಾಂಟು ಕೊಡವಿ ಹುಲ್ಲಿನ ಮೇಲೆ ಕೂತ. "ಒಂದು ಕೇಳ್ಲಾ? ಆ ಸೀಸ ಇತ್ತಲ್ಲ, ಅದು ಏನ್ ಮಾಡ್ತಿತ್ತು?"

"ಎಂಜಿನ್ ಬಡಿದುಕೊಳ್ಳದ ಹಾಗೆ ನೋಡ್ಕೊಳ್ತಿತ್ತು. ಮತ್ತೆ ವಾಲ್ವ್ ಇರ್ತವಲ್ಲ, ಎಂಜಿನ್ನಿನ ಪುಟ್ಟ ಬಾಗಿಲುಗಳು, ಅವು ತಮ್ಮ ಜಾಗಕ್ಕೆ ಬಂದು ಬಂದು ಬಡೀತವೆ. ನಡುವೆ ಸೀಸ ತೆಳ್ಳಗೆ ಮೆತ್ತಿ ದಿಂಬಿನ ಹಾಗೆ ಇರ್ತಿತ್ತು."

"ಈಗ ದಿಂಬಿಲ್ಲ."

"ಇಲ್ಲ."

"ಮತ್ತೆ ವಾಲ್ವ್ ಸವೆಯಲ್ವಾ?"

"ಗೊತ್ತಿಲ್ಲ," ಅಂದೆ. "ನಿಮ್ಮ ಬ್ಯಾಟರಿ ಎಷ್ಟು ವರ್ಷ ಬರುತ್ತೆ?"

ಅವನು ಜೇಬಿನಿಂದ ಕಂಪನಿಯ ಬಣ್ಣದ ಹಾಳೆ ತೆಗೆಯಲು ಹೊರಟವನು ಹಾಗೇ ಒಳಗಿಟ್ಟ. "ನನಗೂ ಗೊತ್ತಿಲ್ಲ," ಅಂದ. ಮೇಷ್ಟ್ರು ಇಬ್ಬರಿಗೂ ಒಂದೊಂದು ಸುಣ್ಣದ ಡಬ್ಬಿ ಕೊಟ್ಟು, ಹೇಗೂ ಕೂತಿದ್ದೀರಲ್ಲ, ಗೆರೆ ಎಳೆಯಿರಿ ಎಂದರು. ಎಳೆದೆವು. ನನ್ನ ಗೆರೆ ಎರಡು ಸಲ ಅಳಿಸಿ ಎಳೆದದ್ದು.

ಮೂರನೆಯ ಗೆರೆಯಲ್ಲಿದ್ದಾಗ ಅತ್ತೆಯ ಫೋನ್ ಬಂತು. ಹಿಂದೆ ಯಾರೋ ಜೋರಾಗಿ ನಗುತ್ತಿದ್ದರು.

"ಇಳಿದಿರಾ?"

"ಇಳಿದು ಎಷ್ಟೊತ್ತಾಯ್ತು. ಆದ್ರೆ ಮ್ಯಾನೇಜರ್ ಸೀಟಿಂದ ಏಳಲ್ಲ ಅಂತಿದ್ದಾರೆ. ಇನ್ನೊಂದು ಸುತ್ತು ಬೇಕಂತೆ."

"ಜಾಗ?" ಅಂದೆ.

"ನಿನ್ನ ಗಂಡ ಟೇಪ್ ಹಿಡ್ಕೊಂಡು ಶೆಡ್ ಅಳೀತಿದ್ದಾನೆ. ಅಕ್ಕನ ಬಾಲ ಆ ಬಿಳೀದರ ರೆಕ್ಕೆ ಕೆಳಗೆ ತೂರಿಸಿದ್ರೆ ಎರಡೂ ಹಿಡೀತವೆ ಅಂತ. ಅವೆರಡೂ ಒಂದೇ ಸೂರಿನಡಿ ಹೇಗೆ ಅಂದ್ರು ಮ್ಯಾನೇಜರ್. ಅತ್ತೆ ಸೊಸೆ ಒಂದೇ ಮನೇಲಿ ಇಲ್ವಾ ಅಂದೆ."

"ಅದಕ್ಕೆ?"

"ಜಗಳ ಆಡಲ್ವಾ ಅಂದ್ರು. ಆಡ್ತೀವಿ, ಆದ್ರೂ ಇದ್ದೀವಿ ಅಂದೆ. ಮುಂದಿನ ಸಲ ವಾಲ್ವ್ ಬಿಚ್ಚಿ ನೋಡೋವರೆಗೆ ಅಕ್ಕ ಇರಲಿ ಅಂತ ಹೇಳಿದ್ದಾರೆ." ಆಮೇಲೆ ಸೇರಿಸಿದರು. "ಮತ್ತೆ, ಆ ಬೆಂಡು ಇನ್ಮೇಲೆ ನಿಂದು. ಕಡ್ಡಿ ನನ್ನದು."

ಆಯಿತು ಅಂದೆ.

ಈಗ ಅಕ್ಕ ಸೀಸವಿಲ್ಲದೆ ಹಾರುತ್ತಿದ್ದಾಳೆ, ಹೆಚ್ಚಿನ ಸಲ ಮುಂದಿನ ಸೀಟಿನಲ್ಲಿ ನಾನಿರುತ್ತೇನೆ. ವಾಲ್ವ್ ಬಿಚ್ಚುವ ದಿನ ಇನ್ನೂ ಬಂದಿಲ್ಲ. ಬಿಚ್ಚಿದಾಗ ಅವು ಸವೆದಿರುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಂಡಿನ ಮೆರುಗೆಣ್ಣೆ ಹೋದದ್ದು ಹೊಸ ಇಂಧನದಿಂದಲೋ ಬರೀ ಮುಪ್ಪಿನಿಂದಲೋ ಎಂಬುದೂ ಖಚಿತವಿಲ್ಲ. ಈ ಇಂಧನ ಎಷ್ಟು ವರ್ಷ ಸಿಗುತ್ತದೆ, ಆಮೇಲೆ ಅಕ್ಕನಂಥ ಎಂಜಿನ್ನಿಗೆ ಏನು ಹಾಕಬೇಕು ಎಂದು ಕೇಳಿದವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರು ಸರಿ ಎಂದು ನನಗೆ ತಿಳಿಯದು.